ಮಗುವಿನ ಕ್ಯಾನ್ಸರ್ ಮರಳಿ ಬಂದಾಗ: ಮನೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಹೋಯಿತು ಅಂದುಕೊಂಡ ಕ್ಯಾನ್ಸರ್ ಮರಳಿ ಬಂದಿದೆ ಅಂತ ಡಾಕ್ಟರ್ ಹೇಳಿದಾಗ ಎಷ್ಟೋ ಅಪ್ಪ ಅಮ್ಮಂದಿರಿಗೆ ಮೊದಲ ಸಲಕ್ಕಿಂತ ಜಾಸ್ತಿ ಪೆಟ್ಟು ಬೀಳುತ್ತದೆ. ಮೊದಲ ಸಲ ಮುಂದೇನು ಅಂತ ಗೊತ್ತಿರಲಿಲ್ಲ. ಈಗ ಎಲ್ಲ ಗೊತ್ತು: ಔಷಧಿ ಹಾಕಲು ಎದೆಯ ಚರ್ಮದಡಿ ಇಡುವ ಪೋರ್ಟ್, ಕಿಮೊ ಡ್ರಿಪ್, ಬಾಯಿಹುಣ್ಣು, ಮಧ್ಯರಾತ್ರಿಯ ಜ್ವರ. ಗೊತ್ತಿರುವುದರಿಂದ ಅನುಕೂಲವೂ ಇದೆ. ಯಾವ ನರ್ಸ್‌ದು ಸೂಜಿ ಚುಚ್ಚುವಾಗ ಹಗುರವಾದ ಕೈ ಅನ್ನುವುದೂ ನಿಮಗೆ ಗೊತ್ತಿರುತ್ತದೆ. ಆದರೆ ಇದೇ ಕಾರಣಕ್ಕೆ ಮನೆಯವರು ಹೋದ ಸಲದ ದಾರಿಯಲ್ಲೇ ಕಣ್ಣು ಮುಚ್ಚಿಕೊಂಡು ಹೊರಟುಬಿಡುವುದೂ ಉಂಟು.

ಮರುಕಳಿಸಿದ ಕಾಯಿಲೆಯ ಲೆಕ್ಕ ಬೇರೆ. ಮೊದಲ ಸಲ ಹೆಚ್ಚಿನ ಮಕ್ಕಳಿಗೆ ಪಳಗಿದ ಒಂದು ಚಿಕಿತ್ಸಾ ಕ್ರಮ ಇರುತ್ತದೆ, ಅದರ ಪ್ರಕಾರ ನಡೆದರೆ ಸಾಕು. ಎರಡನೇ ಸಲ ಆಯ್ಕೆಗಳು ಎದುರಾಗುತ್ತವೆ. ಒಂದೊಂದು ಆಯ್ಕೆಯಲ್ಲೂ ಮಗುವಿನ ಮೈ, ದಿನ, ನಿದ್ದೆ ಬೇರೆ ಬೇರೆ ರೀತಿ ಖರ್ಚಾಗುತ್ತವೆ. ಹಾಗಾಗಿ ಪ್ರತಿ ತಿರುವಿನಲ್ಲೂ ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಈಗ ನಮ್ಮ ಗುರಿ ಏನು? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ಮೊದಲ ಕೆಲವು ದಿನ ಕಡಿಮೆ ಕೆಲಸ ಮಾಡಿ

ಸುದ್ದಿ ಕೇಳಿದ ದಿನವೇ ಎಲ್ಲವನ್ನೂ ನಿರ್ಧರಿಸಬೇಕು ಅನ್ನಿಸುತ್ತದೆ. ಹಾಗೇನೂ ಇಲ್ಲ. ಕೆಲವು ಸಂದರ್ಭಗಳಲ್ಲಿ ಮಾತ್ರ ಗಂಟೆಗಳ ಒಳಗೆ ಚಿಕಿತ್ಸೆ ಶುರುವಾಗಬೇಕಾಗುತ್ತದೆ. ಗಡ್ಡೆ ಬೆನ್ನುಹುರಿಯನ್ನೋ ಉಸಿರಾಟದ ದಾರಿಯನ್ನೋ ಒತ್ತುತ್ತಿದ್ದರೆ, ಬಿಳಿ ರಕ್ತಕಣ ವಿಪರೀತ ಏರಿದ್ದರೆ ಹಾಗೆ. ಡಾಕ್ಟರನ್ನು ನೇರವಾಗಿ ಕೇಳಿ: "ನಾವು ಯಾವ ದಿನದ ಒಳಗೆ ತೀರ್ಮಾನ ಹೇಳಬೇಕು?" ಬಹಳ ಸಲ ಒಂದಷ್ಟು ದಿನ ಸಿಗುತ್ತವೆ. ಹೇಗೂ ಮರುಪರೀಕ್ಷೆಗಳು ಮುಗಿಯಬೇಕು.

ಆ ದಿನಗಳಲ್ಲಿ ಮೂರು ಕೆಲಸ ಸಾಕು. ಮಗುವಿಗೆ ನೋವಿದ್ದರೆ ಅದಕ್ಕೆ ತಕ್ಷಣ ಔಷಧಿ ಕೇಳಿ. ತೀರ್ಮಾನ ಆಗಲಿ ಅಂತ ನೋವು ಕಾಯಬೇಕಾಗಿಲ್ಲ. ಮನೆಯ ಹೊರಗೆ ಸುದ್ದಿ ಹೇಳುವುದಕ್ಕೆ ಒಬ್ಬರನ್ನು ನೇಮಿಸಿ, ಚಿಕ್ಕಪ್ಪನೋ ಅತ್ತೆಯೋ ಗಟ್ಟಿ ಮನಸ್ಸಿನ ಗೆಳತಿಯೋ ಯಾರಾದರೂ ಆಗಬಹುದು. ಮೂರನೆಯದು ನಿದ್ದೆ. ರಾತ್ರಿ ಮೂರು ಗಂಟೆಗೆ ಫೋನಿನಲ್ಲಿ ಬದುಕುಳಿಯುವ ಪ್ರಮಾಣ ಹುಡುಕುವ ಅಭ್ಯಾಸ ಬಹಳ ಜನರಿಗೆ ಹತ್ತಿಕೊಳ್ಳುತ್ತದೆ. ಅಲ್ಲಿ ಸಿಗುವ ಅಂಕಿ ಹತ್ತಾರು ಬಗೆಯ ಮಕ್ಕಳನ್ನು ಒಟ್ಟಿಗೆ ಸೇರಿಸಿ ತೆಗೆದ ಸರಾಸರಿ. ನಿಮ್ಮ ಮಗುವಿನ ಬಯಾಪ್ಸಿ ವರದಿ ಬರುವ ಮೊದಲೇ ಅದನ್ನು ಓದಿ ಸುಮ್ನೆ ಸುಸ್ತಾಗುವುದು ಬೇಡ.

"ಬೇಗ ಗೊತ್ತಾಗಿದ್ದರೆ..." ಅನ್ನುವ ಕೊರಗು ಈ ಹೊತ್ತಿಗೆ ಖಂಡಿತ ಬರುತ್ತದೆ. ಮರುಕಳಿಸುವುದಕ್ಕೆ ಮುಖ್ಯ ಕಾರಣ, ಮೊದಲ ಚಿಕಿತ್ಸೆಯಲ್ಲಿ ಸಾಯದೆ ಉಳಿದ ಒಂದಷ್ಟು ಕ್ಯಾನ್ಸರ್ ಕಣಗಳು (ಜೀವಕೋಶಗಳು) ಮತ್ತೆ ಬೆಳೆಯುವುದು. ಆ ಕಣಗಳಲ್ಲಿ ಕೆಲವು ಔಷಧಿಗೆ ಜಗ್ಗದ ಗುಣವನ್ನೂ ಪಡೆದಿರುತ್ತವೆ. ಮಗು ಏನು ತಿಂದಿತು, ನೀವು ಯಾವ ದಿನ ಎಲ್ಲಿಗೆ ಕರೆದುಕೊಂಡು ಹೋದಿರಿ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಂತ 2: ಯಾವ ಬಗೆಯ ಮರುಕಳಿಕೆ ಅಂತ ತಿಳಿದುಕೊಳ್ಳಿ

ಮರಳಿ ಬಂದಿದೆ ಅನ್ನುವ ಎರಡು ಪದದಲ್ಲಿ ಬಹಳ ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಎಷ್ಟು ದಿನಕ್ಕೆ ಬಂತು, ಎಲ್ಲಿ ಬಂತು, ಮೊದಲು ಏನೆಲ್ಲ ಚಿಕಿತ್ಸೆ ಆಗಿತ್ತು ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರನ್ನೇ ನೋಡಿ. ಅದು ಮೂಳೆಮಜ್ಜೆಯಲ್ಲಿ ಮರಳಬಹುದು, ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಬರಬಹುದು, ಗಂಡುಮಕ್ಕಳ ವೃಷಣದಲ್ಲಿ ಬರಬಹುದು. ಮೊದಲು ಕಾಯಿಲೆ ಪತ್ತೆಯಾಗಿ 36 ತಿಂಗಳು ಕಳೆದ ಮೇಲೆ ಬಂದರೆ, ಬೇಗ ಬಂದದ್ದಕ್ಕಿಂತ ಗುಣವಾಗುವ ಸಾಧ್ಯತೆ ಹೆಚ್ಚು. ಹೊಸ ಕಿಮೊದ ಮೊದಲ ಸುತ್ತು ಮುಗಿದ ಮೇಲೆ ಎಂಆರ್‌ಡಿ ಅನ್ನುವ ಪರೀಕ್ಷೆ ಮಾಡುತ್ತಾರೆ. ಹತ್ತು ಸಾವಿರ ಕಣಗಳಲ್ಲಿ ಒಂದೇ ಒಂದು ಕ್ಯಾನ್ಸರ್ ಕಣ ಉಳಿದಿದ್ದರೂ ಅದು ಹಿಡಿಯಬಲ್ಲದು. ಕಿಮೊ ಸಾಕೇ, ಮೂಳೆಮಜ್ಜೆ ಕಸಿ ಬೇಕೇ ಅನ್ನುವ ತೀರ್ಮಾನದಲ್ಲಿ ಈ ಫಲಿತಾಂಶಕ್ಕೆ ದೊಡ್ಡ ಪಾತ್ರವಿದೆ.

ಗಡ್ಡೆಯಾಗಿ ಬರುವ ಕ್ಯಾನ್ಸರ್‌ಗಳ ಕಥೆ ಒಂದೊಂದರದೂ ಒಂದೊಂದು. ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ ಮರಳಿದಾಗ, ಮೊದಲು ಬಳಸದೆ ಉಳಿಸಿದ್ದ ಔಷಧಿಗಳಿಂದ ಮತ್ತೆ ಗುಣವಾಗುವ ಮಕ್ಕಳು ಬಹಳ ಇದ್ದಾರೆ. ಮೂಳೆಯ ಆಸ್ಟಿಯೋಸಾರ್ಕೋಮಾ ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಮರಳುತ್ತದೆ. ಅಲ್ಲಿನ ಗಂಟುಗಳನ್ನೆಲ್ಲ ಆಪರೇಷನ್ ಮಾಡಿ ಪೂರ್ತಿ ತೆಗೆಯಲು ಆಗುತ್ತದೆಯೇ ಅನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ. ಎಳೆಯ ನರಕಣಗಳಲ್ಲಿ ಹುಟ್ಟುವ ನ್ಯೂರೋಬ್ಲಾಸ್ಟೋಮಾ, ಅದರಲ್ಲೂ ಹೆಚ್ಚು ಅಪಾಯದ ಗುಂಪಿನದು, ಮರಳಿದರೆ ಪೂರ್ತಿ ಗುಣ ಮಾಡುವುದು ಕಷ್ಟ, ಆದರೆ ಎಷ್ಟೋ ಸಲ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹತೋಟಿಯಲ್ಲಿಡಲು ಸಾಧ್ಯ.

ಮತ್ತೆ ಬಯಾಪ್ಸಿ ಬೇಕು ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಮರಳಿದ ಕ್ಯಾನ್ಸರ್‌ನ ಗುಣ ಬದಲಾಗಿರಬಹುದು. ಹೊಸ ಔಷಧಿಗಳು ಕಣದ ಮೇಲಿನ ಒಂದು ನಿರ್ದಿಷ್ಟ ಗುರುತನ್ನು ಹುಡುಕಿ ಹೊಡೆಯುತ್ತವೆ. ಆ ಗುರುತು ಈಗಲೂ ಇದೆಯೇ ಅಂತ ನೋಡದೆ ಮುಂದುವರಿದರೆ ಮಗುವಿನ ಅಮೂಲ್ಯ ವಾರಗಳು ವ್ಯರ್ಥವಾಗಬಹುದು.

ಹಂತ 3: ಡಾಕ್ಟರ್ ಜೊತೆಗಿನ ದೊಡ್ಡ ಮಾತುಕತೆ

ಈ ಭೇಟಿಗೆ ಅಪ್ಪ ಅಮ್ಮ ಇಬ್ಬರೂ ಹೋಗಿ. ಒಬ್ಬರೇ ಪೋಷಕರಾಗಿದ್ದರೆ ನಂಬಿಕೆಯ ಒಬ್ಬರನ್ನು ಕರೆದುಕೊಂಡು ಹೋಗಿ, ಅವರು ಬರೆದುಕೊಳ್ಳಲಿ. ಡಾಕ್ಟರ್ ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲ ಕೆಟ್ಟ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ತಲೆಗೆ ಹೋಗುವುದಿಲ್ಲ. ಅದು ಎಲ್ಲರಿಗೂ ಆಗುವುದೇ. ರಿಸೆಪ್ಷನ್‌ನಲ್ಲಿ ಹೇಳಿ ಸಾಕಷ್ಟು ಸಮಯವಿರುವ ಭೇಟಿಯನ್ನೇ ಗೊತ್ತು ಮಾಡಿಕೊಳ್ಳಿ, ವಾರ್ಡ್ ಸುತ್ತಿನ ನಡುವೆ ಬಾಗಿಲಲ್ಲಿ ನಿಂತು ಮಾತಾಡುವ ವಿಷಯ ಇದಲ್ಲ.

ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

– ಈ ಚಿಕಿತ್ಸೆಯ ಗುರಿ ಗುಣಪಡಿಸುವುದೇ, ಕಾಯಿಲೆಯನ್ನು ಹತೋಟಿಯಲ್ಲಿಡುವುದೇ, ತೊಂದರೆ ಕಡಿಮೆ ಮಾಡುವುದೇ?
– ಇದೇ ಸ್ಥಿತಿಯ ಹತ್ತು ಮಕ್ಕಳಲ್ಲಿ ಎಷ್ಟು ಮಕ್ಕಳು ಐದು ವರ್ಷದ ನಂತರ ಚೆನ್ನಾಗಿರುತ್ತಾರೆ?
– ಮಗು ಎಷ್ಟು ದಿನ ಆಸ್ಪತ್ರೆಯಲ್ಲಿ, ಎಷ್ಟು ದಿನ ಮನೆಯಲ್ಲಿ ಇರುತ್ತದೆ?
– ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಯಾವಾಗ, ಯಾವ ಪರೀಕ್ಷೆಯಿಂದ ತಿಳಿಯುತ್ತದೆ? ಮಾಡದಿದ್ದರೆ ಮುಂದೇನು?
– ಹೋದ ಸಲದ ಔಷಧಿಗಳಿಂದ ಹೃದಯ, ಕಿವಿ, ಮೂತ್ರಪಿಂಡಕ್ಕೆ ಈಗಾಗಲೇ ಎಷ್ಟು ಹೊರೆ ಬಿದ್ದಿದೆ?
– ಮುಂದೆ ಮಕ್ಕಳಾಗುವ ಸಾಮರ್ಥ್ಯ ಉಳಿಸಲು ಈಗಲೇ ಏನಾದರೂ ಮಾಡಬೇಕೇ?

ಕೊನೆಯ ಪ್ರಶ್ನೆ ಐದು ವರ್ಷದ ಮಗುವಿನ ವಿಷಯದಲ್ಲಿ ವಿಚಿತ್ರ ಅನ್ನಿಸಬಹುದು. ಆದರೆ ಕಸಿಗೆ ಮುಂಚೆ ಕೊಡುವ ಭಾರಿ ಕಿಮೊ ಶುರುವಾದ ಮೇಲೆ ಈ ಬಾಗಿಲು ಮುಚ್ಚಿಹೋಗುತ್ತದೆ. ಡಾಕ್ಟರೇ ನೆನಪಿಸಲಿ ಅಂತ ಕಾಯಬೇಡಿ.

ಅಂಕಿಗಳನ್ನು ಕೇಳುವಾಗ ಒಂದು ಎಚ್ಚರ ಇರಲಿ. ಔಷಧಿಗೆ ಕಾಯಿಲೆ ಬಗ್ಗುವುದು ಒಂದು, ಗುಣವಾಗಿ ಉಳಿಯುವುದು ಇನ್ನೊಂದು. ಕಾರ್-ಟಿ ಚಿಕಿತ್ಸೆ ಇದಕ್ಕೆ ಒಳ್ಳೆಯ ಉದಾಹರಣೆ. ಮಗುವಿನದೇ ಬಿಳಿ ರಕ್ತಕಣ ತೆಗೆದು, ಕ್ಯಾನ್ಸರ್ ಗುರುತಿಸುವಂತೆ ಬದಲಿಸಿ, ವಾಪಸ್ ಮೈಗೆ ಹಾಕುವ ವಿಧಾನ ಅದು. 2012ರಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಅಮೆರಿಕದ ಬಾಲಕಿಗೆ ಕೊಟ್ಟರು. ಅವಳ ಲುಕೇಮಿಯಾ ಎರಡು ಸಲ ಮರಳಿತ್ತು. ಅವಳು ಗುಣವಾದಳು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 75 ಮಕ್ಕಳು ಮತ್ತು ಯುವಜನರು ಚಿಕಿತ್ಸೆ ಪಡೆದಿದ್ದರು. ಮೂರು ತಿಂಗಳ ಒಳಗೆ ಶೇ. 81 ಮಂದಿಯಲ್ಲಿ ಕಾಯಿಲೆ ಕಾಣದಂತಾಯಿತು. ಒಂದು ವರ್ಷದ ಹೊತ್ತಿಗೆ ಯಾವ ಹಿನ್ನಡೆಯೂ ಇಲ್ಲದೆ ಉಳಿದವರ ಪ್ರಮಾಣ ಸುಮಾರು ಅರ್ಧ. ಎರಡೂ ಅಂಕಿ ನಿಜವೇ. ನಿಮಗೆ ಹೇಳುತ್ತಿರುವುದು ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಎಮಿಲಿಯ ಸುದ್ದಿಯನ್ನು ನೆಂಟರು ನಿಮಗೆ ಕಳಿಸಿಯೇ ಕಳಿಸುತ್ತಾರೆ. ಒಪ್ಪಿಗೆ ಸಿಕ್ಕಿರುವ ಆ ಚಿಕಿತ್ಸೆ ಬಿ-ಕಣದ (ಒಂದು ಬಗೆಯ ಬಿಳಿ ರಕ್ತಕಣದ) ಕ್ಯಾನ್ಸರ್‌ಗಳಿಗೆ. ನಿಮ್ಮ ಮಗುವಿಗೆ ಮೂಳೆಯ ಗಡ್ಡೆ ಇದ್ದರೆ ಅದನ್ನು ಓದಿ ಕಣ್ಣೀರು ಹಾಕುವ ಅಗತ್ಯವಿಲ್ಲ.

ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಬಹುದು ಅಂದರೆ ಅದು ಯಾವ ಹಂತದ್ದು ಅಂತ ಕೇಳಿ. ಮೊದಲ ಹಂತದ ಪ್ರಯೋಗ ಮುಖ್ಯವಾಗಿ ಕೇಳುವುದು, ಎಷ್ಟು ಪ್ರಮಾಣ ಕೊಟ್ಟರೆ ಮೈ ತಡೆಯುತ್ತದೆ ಅಂತ. ಕೆಲವು ಮಕ್ಕಳಿಗೆ ಅದರಿಂದ ಲಾಭವೂ ಆಗುತ್ತದೆ. ಸೇರುವುದು, ಬಿಡುವುದು, ಸೇರಿದ ಮೇಲೆ ನಡುವೆ ಹೊರಬರುವುದು, ಮೂರೂ ನಿಮ್ಮ ಹಕ್ಕು.

ಹಂತ 4: ಕಾಗದಪತ್ರ ಮತ್ತು ಎರಡನೇ ಅಭಿಪ್ರಾಯ

ಎರಡನೇ ಅಭಿಪ್ರಾಯ ಕೇಳಿದರೆ ಡಾಕ್ಟರ್ ಬೇಸರ ಮಾಡಿಕೊಳ್ಳುತ್ತಾರೇನೋ ಅಂತ ಬಹಳ ಜನ ಹಿಂಜರಿಯುತ್ತಾರೆ. ಮರುಕಳಿಸಿದ ಮಕ್ಕಳ ಕ್ಯಾನ್ಸರ್‌ನಲ್ಲಿ ಇದು ಮಾಮೂಲಿ. ಒಳ್ಳೆಯ ಡಾಕ್ಟರ್‌ಗಳು ತಾವೇ ಬೇರೆ ಕೇಂದ್ರದವರಿಗೆ ಫೋನ್ ಮಾಡಿ ಚರ್ಚಿಸುತ್ತಾರೆ. ಮಗುವನ್ನು ಎತ್ತಿಕೊಂಡು ಓಡಾಡಬೇಕಾಗಿಲ್ಲ, ಬಹಳ ಸಲ ಕಾಗದ ಕಳಿಸಿದರೆ ಸಾಕು.

ಒಂದು ಫೈಲಿನಲ್ಲಿ ಇವೆಲ್ಲ ಇರಲಿ: ಎರಡೂ ಸಲದ ಬಯಾಪ್ಸಿ ವರದಿ, ಕ್ರೋಮೋಸೋಮ್ ಮತ್ತು ಜೀನ್ ಪರೀಕ್ಷೆಯ ವರದಿ, ಸ್ಕ್ಯಾನ್‌ಗಳ ಚಿತ್ರವೇ ಇರುವ ಡಿಸ್ಕ್, ರೇಡಿಯೇಷನ್ ಎಲ್ಲಿಗೆ ಎಷ್ಟು ಕೊಟ್ಟರು ಅನ್ನುವ ವಿವರ, ಪ್ರತಿ ಕಿಮೊ ಔಷಧಿಯ ಒಟ್ಟು ಪ್ರಮಾಣ. ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಅದು ಬಹಳ ಮುಖ್ಯ. ಡಾಕ್ಸೊರೂಬಿಸಿನ್‌ನಂಥ ಔಷಧಿ ಹೃದಯದ ಮೇಲೆ ಮಾಡುವ ಹಾನಿ ಜೀವಮಾನದ ಒಟ್ಟು ಪ್ರಮಾಣಕ್ಕೆ ತಕ್ಕ ಹಾಗೆ ಏರುತ್ತದೆ. ಸಿಸ್ಪ್ಲಾಟಿನ್ ಕಿವಿಗೆ, ಐಫಾಸ್ಫಮೈಡ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಹೊಸ ಡಾಕ್ಟರ್‌ಗೆ ಈ ಲೆಕ್ಕ ಒಂದೇ ಹಾಳೆಯಲ್ಲಿ ಸಿಕ್ಕಿದರೆ ಅವರು ನಿಮ್ಮನ್ನು ಹರಸುತ್ತಾರೆ. ಬಯಾಪ್ಸಿ ಸ್ಲೈಡ್‌ಗಳನ್ನು ಇನ್ನೊಬ್ಬ ಪರಿಣತರಿಗೆ ತೋರಿಸುವ ಅವಕಾಶ ಇದ್ದರೆ ಬಿಡಬೇಡಿ.

ಹಂತ 5: ಮಗುವಿಗೆ ಹೇಳುವುದು

ಎಲ್ಲಕ್ಕಿಂತ ಕಷ್ಟದ ಹಂತ ಇದು. ಎಲ್ಲರೂ ಮುಂದಕ್ಕೆ ಹಾಕುವ ಹಂತವೂ ಇದೇ.

ಮಗುವಿಗೆ ಏನೂ ಗೊತ್ತಾಗುವುದಿಲ್ಲ ಅನ್ನುವುದು ದೊಡ್ಡವರ ಆಸೆ ಮಾತ್ರ. 1970ರ ದಶಕದಲ್ಲಿ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ಲುಕೇಮಿಯಾ ವಾರ್ಡ್‌ನ ಪುಟ್ಟ ಮಕ್ಕಳ ಜೊತೆ ಕಾಲ ಕಳೆದು ಗಮನಿಸಿದರು. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಮ್ಮ ಸ್ಥಿತಿ ಗೊತ್ತಿತ್ತು. ಅಷ್ಟೇ ಅಲ್ಲ, ಅಪ್ಪ ಅಮ್ಮನಿಗೆ ನೋವಾಗುತ್ತದೆ ಅಂತ ಅವರು ಗೊತ್ತಿಲ್ಲದ ಹಾಗೆ ನಟಿಸುತ್ತಿದ್ದರು. ಅಂದರೆ ಮುಚ್ಚಿಟ್ಟರೆ ಮಗುವಿನ ಭಯ ಹೋಗುವುದಿಲ್ಲ, ಆ ಭಯದ ಜೊತೆ ಮಗು ಒಂಟಿಯಾಗುತ್ತದೆ.

ಹೇಗೆ ಹೇಳುವುದು? ಮೊದಲು ಕೇಳಿ: "ಪುಟ್ಟಾ, ನಾವು ಮತ್ತೆ ಆಸ್ಪತ್ರೆಗೆ ಯಾಕೆ ಹೋಗ್ತಿದ್ದೀವಿ ಅಂತ ನಿನಗೇನನ್ನಿಸುತ್ತೆ?" ಮಗು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಚಿಕ್ಕ ವಾಕ್ಯದಲ್ಲಿ ನಿಜ ಹೇಳಿ: "ಹೋದ ಸಲದ ಕಾಯಿಲೆ ವಾಪಸ್ ಬಂದಿದೆ. ನಿನ್ನಿಂದ ಏನೂ ತಪ್ಪಾಗಿಲ್ಲ. ಔಷಧಿ ಹಾಕೋದಕ್ಕೆ ಮತ್ತೆ ಹೋಗಬೇಕು. ಅಮ್ಮನೋ ನಾನೋ ಯಾವಾಗಲೂ ಜೊತೆಗಿರ್ತೀವಿ." ತಪ್ಪಾಗಿಲ್ಲ ಅನ್ನುವ ಮಾತು ಬಿಡಲೇಬೇಡಿ. ಸಣ್ಣ ಮಕ್ಕಳು ತಾವು ಹಟ ಮಾಡಿದ್ದಕ್ಕೇ ಕಾಯಿಲೆ ಬಂತು ಅಂತ ನಿಜಕ್ಕೂ ನಂಬುತ್ತಾರೆ. ಕಾಯಿಲೆಯ ಹೆಸರನ್ನೂ ಹೇಳಿ. ಸುಮ್ನೆ "ಹುಷಾರಿಲ್ಲ" ಅಂದರೆ, ಮುಂದೆ ಯಾರಿಗೋ ನೆಗಡಿಯಾದರೂ ಮಗು ಹೆದರುತ್ತದೆ.

ಮಾತು ಕೊಡುವಾಗ ಜಾಗ್ರತೆ. "ನೋವಾಗಲ್ಲ" ಅಂತ ಹೇಳಿ ಸೂಜಿ ಚುಚ್ಚಿಸಿದರೆ ಮುಂದಿನ ಸಲ ಯಾವ ಮಾತೂ ನಂಬುವುದಿಲ್ಲ. "ಸ್ವಲ್ಪ ಚುರುಕ್ ಅನ್ನುತ್ತೆ, ಹತ್ತು ಎಣಿಸೋದರಲ್ಲಿ ಮುಗಿಯುತ್ತೆ" ಅನ್ನಿ. "ಇದೇ ಕೊನೆ ಕಿಮೊ" ಅಂತ ಖಚಿತವಾಗಿ ಗೊತ್ತಿಲ್ಲದಿದ್ದರೆ ಹೇಳಬೇಡಿ. ಹೋದ ಸಲ ಹಾಗೆ ಹೇಳಿದ್ದು ಮಗುವಿಗೆ ನೆನಪಿರುತ್ತದೆ, ಅದನ್ನೇ ಎತ್ತಿ ಕೇಳಿದರೆ ಕ್ಷಮೆ ಕೇಳಿ ಮುಂದಕ್ಕೆ ಹೋಗಿ.

"ನಾನು ಸತ್ತುಹೋಗ್ತೀನಾ?" ಅನ್ನುವ ಪ್ರಶ್ನೆ ಸ್ನಾನ ಮಾಡಿಸುವಾಗಲೋ ಕಾರಿನ ಹಿಂದಿನ ಸೀಟಿನಿಂದಲೋ ಇದ್ದಕ್ಕಿದ್ದಂತೆ ಬರುತ್ತದೆ. ಮಾತು ಬದಲಿಸಬೇಡಿ. "ಯಾಕೆ ಕೇಳ್ತಿದ್ದೀಯ ಕಂದಾ?" ಅನ್ನಿ. ಎಷ್ಟೋ ಸಲ ಮಗುವಿಗೆ ಬೇಕಾಗಿರುವುದು "ನನ್ನನ್ನು ಒಬ್ಬನೇ ಬಿಟ್ಟು ಹೋಗ್ತೀರಾ" ಅನ್ನುವುದಕ್ಕೆ ಉತ್ತರ. ಗುಣವಾಗುವ ಸಾಧ್ಯತೆ ಇರುವಾಗ "ಈ ಕಾಯಿಲೆಯಿಂದ ಕೆಲವರು ಸಾಯ್ತಾರೆ. ನೀನು ಹುಷಾರಾಗಲಿ ಅಂತ ಡಾಕ್ಟರ್ ಆಂಟಿ ಮತ್ತು ನಾವೆಲ್ಲ ಕೆಲಸ ಮಾಡ್ತಿದ್ದೀವಿ" ಅನ್ನಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಸಾವು ವಾಪಸ್ ಬರಬಹುದಾದ ಪ್ರಯಾಣದಂತೆ ಕಾಣುತ್ತದೆ. ಶಾಶ್ವತ ಅನ್ನುವ ತಿಳಿವಳಿಕೆ ನಿಧಾನಕ್ಕೆ ಬರುತ್ತದೆ, ಕಾಯಿಲೆಯ ಮಕ್ಕಳಲ್ಲಿ ಬೇಗ ಬರುತ್ತದೆ. "ಮಲಗಿಬಿಟ್ಟರು" ಅಂತ ಮಾತ್ರ ಹೇಳಬೇಡಿ. ಆಮೇಲೆ ಅರಿವಳಿಕೆ ಕೊಡುವಾಗ ಮಗು ನಿದ್ದೆಗೇ ಹೆದರುತ್ತದೆ.

ಸಣ್ಣ ಆಯ್ಕೆಗಳನ್ನು ಮಗುವಿನ ಕೈಗೆ ಕೊಡಿ. ಔಷಧಿ ತೆಗೆದುಕೊಳ್ಳಬೇಕೋ ಬೇಡವೋ ಅಂತ ಕೇಳಬೇಡಿ, ಅದು ಆಯ್ಕೆಯಲ್ಲ. ಯಾವ ಲೋಟದಲ್ಲಿ, ಯಾರ ತೊಡೆಯ ಮೇಲೆ ಕೂತು, ಯಾವ ಕೈಗೆ ಅಂತ ಕೇಳಿ.

ಹಂತ 6: ಅಣ್ಣ ತಮ್ಮ, ಅಕ್ಕ ತಂಗಿ

ಎರಡನೇ ಸಲ ಇವರು ಇನ್ನಷ್ಟು ಮೂಲೆಗೆ ಸರಿಯುತ್ತಾರೆ. ಹೋದ ಸಲದ ಅನುಭವದಿಂದ ತಾವು ತೊಂದರೆ ಕೊಡಬಾರದು ಅಂತ ಕಲಿತಿರುತ್ತಾರೆ. ಮನೆಯಲ್ಲಿ ತುಂಬ ಒಳ್ಳೆಯವರಾಗಿಬಿಡುವ ಮಕ್ಕಳ ಕಡೆ ಸ್ವಲ್ಪ ಜಾಸ್ತಿ ನೋಡಿ. ಇದು ಅಂಟುವ ಕಾಯಿಲೆ ಅಲ್ಲ ಅಂತ ಬಾಯಿಬಿಟ್ಟು ಹೇಳಿ. ಜಗಳದಲ್ಲಿ "ನೀನು ಸಾಯಿ" ಅಂದದ್ದರಿಂದ ಆಗಿದ್ದಲ್ಲ ಅಂತಲೂ ಹೇಳಿ. ವಾರದಲ್ಲಿ ಒಂದು ಹೊತ್ತು ಕಾಯಿಲೆಯ ಮಾತಿಲ್ಲದೆ ಅವರೊಬ್ಬರ ಜೊತೆಗೇ ಇರಿ. ಅವರ ಟೀಚರ್‌ಗೆ ವಿಷಯ ತಿಳಿದಿರಲಿ.

ಮೂಳೆಮಜ್ಜೆ ಕಸಿಯ ಮಾತು ಬಂದರೆ ಒಡಹುಟ್ಟಿದವರ ರಕ್ತ ಪರೀಕ್ಷೆ ಮಾಡುತ್ತಾರೆ. ಪೂರ್ತಿ ಹೊಂದುವ ಸಾಧ್ಯತೆ ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ಆ ಮಗುವಿಗೆ ತಾನು ಸೋತೆ ಅನ್ನಿಸುತ್ತದೆ. ಹೊಂದಿ, ಕಸಿ ಮಾಡಿ, ಆಮೇಲೆ ಕೈಗೂಡದಿದ್ದರೆ ತನ್ನ ಮಜ್ಜೆಯೇ ಕೆಟ್ಟದ್ದು ಅನ್ನಿಸಬಹುದು. ಪರೀಕ್ಷೆಗೆ ಮುಂಚೆಯೇ ಹೇಳಿ: "ಹೊಂದುವುದೂ ಹೊಂದದಿರುವುದೂ ನಿನ್ನ ಕೈಯಲ್ಲಿಲ್ಲ."

ಹಂತ 7: ಮನೆಯಲ್ಲಿನ ದಿನಚರಿ

ಜ್ವರದ ನಿಯಮ ನಿಮಗೆ ಗೊತ್ತೇ ಇದೆ, ಆದರೂ ಫ್ರಿಜ್ ಮೇಲೆ ಬರೆದು ಅಂಟಿಸಿ. ಅಜ್ಜಿಯೋ ಪಕ್ಕದ ಮನೆಯವರೋ ಮಗುವನ್ನು ನೋಡಿಕೊಳ್ಳುತ್ತಿರುವ ದಿನವೇ ಜ್ವರ ಬರಬಹುದು. ಸಾಮಾನ್ಯವಾಗಿ 38.3 ಡಿಗ್ರಿ ಸೆಲ್ಸಿಯಸ್, ಅಂದರೆ 101 ಡಿಗ್ರಿ ಫ್ಯಾರನ್‌ಹೀಟ್ ಒಂದು ಸಲ ಬಂದರೂ, ಅಥವಾ 38.0 ಡಿಗ್ರಿ ಒಂದು ಗಂಟೆ ನಿಂತರೂ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಬೇಕು. ನಿಮ್ಮ ಆಸ್ಪತ್ರೆ ಬೇರೆ ಅಂಕಿ ಹೇಳಿದ್ದರೆ ಅದನ್ನೇ ಪಾಲಿಸಿ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಎಣಿಕೆ 500ಕ್ಕಿಂತ ಕೆಳಗಿರುವಾಗ ಸೋಂಕಿನಿಂದ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ಅದಕ್ಕೇ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಶುರುವಾಗಬೇಕು ಅನ್ನುವುದು ಒಪ್ಪಿತ ಗುರಿ. ತುರ್ತು ವಿಭಾಗದ ಸಾಲಿನಲ್ಲಿ ಸುಮ್ಮನೆ ಕೂರಬೇಡಿ. ಹೋದ ತಕ್ಷಣ "ಕಿಮೊ ನಡೀತಿರೋ ಮಗು, ಜ್ವರ ಬಂದಿದೆ" ಅಂತ ಗಟ್ಟಿಯಾಗಿ ಹೇಳಿ.

ಫೋನ್ ಮಾಡುವ ಮೊದಲು ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮರೆಯಾಗಿಬಿಡುತ್ತದೆ. ಐಬುಪ್ರೊಫೇನ್ ಡಾಕ್ಟರ್ ಹೇಳದೆ ಕೊಡಲೇಬೇಡಿ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ರಕ್ತಸ್ರಾವದ ಅಪಾಯ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು. ಚಿಕನ್‌ಪಾಕ್ಸ್ ಇರುವವರ ಹತ್ತಿರ ಮಗು ಹೋಗಿತ್ತು ಅಂತ ಗೊತ್ತಾದರೆ ಅದೇ ದಿನ ಡಾಕ್ಟರ್‌ಗೆ ತಿಳಿಸಿ.

ಊಟದ ವಿಷಯದಲ್ಲಿ ಯುದ್ಧ ಬೇಡ. ಕೈ ತೊಳೆಯುವುದು, ಚೆನ್ನಾಗಿ ಬೇಯಿಸುವುದು, ಹಳಸಿದ್ದು ಕೊಡದಿರುವುದು ಮುಖ್ಯ. ತೂಕ ಇಳಿಯುತ್ತಿದ್ದರೆ ಮೂಗಿನ ಕೊಳವೆ ಹಾಕೋಣ ಅಂತ ಡಾಕ್ಟರ್ ಹೇಳಬಹುದು. ಅದನ್ನು ಸೋಲು ಅಂತ ತಿಳಿಯಬೇಡಿ, ಊಟದ ಹೊತ್ತಿನ ಅಳು ನಿಂತು ಮನೆಗೆ ನೆಮ್ಮದಿ ಬರುವುದೂ ಉಂಟು.

ನೋವು, ಸೂಜಿಯ ಭಯ ಎರಡನೇ ಸಲ ಜಾಸ್ತಿ. ಮಗುವಿನ ಮೈಗೆ ಹಳೆಯದು ನೆನಪಿರುತ್ತದೆ. ಚರ್ಮ ಮರಗಟ್ಟಿಸುವ ಕ್ರೀಮನ್ನು ಚುಚ್ಚುವುದಕ್ಕೆ ಸುಮಾರು ಒಂದು ಗಂಟೆ ಮೊದಲು ಹಚ್ಚಬೇಕು. ಹತ್ತು ನಿಮಿಷ ಮೊದಲು ಹಚ್ಚಿ ಕೆಲಸ ಮಾಡಲಿಲ್ಲ ಅಂದರೆ ಕ್ರೀಮಿನ ತಪ್ಪಲ್ಲ. ಬೆನ್ನಿನಿಂದ ದ್ರವ ತೆಗೆಯುವಾಗ, ಮಜ್ಜೆ ಪರೀಕ್ಷೆ ಮಾಡುವಾಗ ಅರಿವಳಿಕೆ ಕೊಡಿ ಅಂತ ಕೇಳಿ. ನೋವು ಎಷ್ಟು ಅಂತ ಹೇಳಲಾಗದ ಮಗುವಿಗೆ ಆರು ಮುಖಗಳ ಚಿತ್ರ ತೋರಿಸುತ್ತಾರೆ, ನಗುವ ಮುಖದಿಂದ ಅಳುವ ಮುಖದವರೆಗೆ. ಒಂದು ಪ್ರತಿ ಮನೆಯಲ್ಲೂ ಇಟ್ಟುಕೊಳ್ಳಿ. ಮಾರ್ಫಿನ್ ಅಂದರೆ ಕೊನೆ ಬಂತು ಅಂತ ಹೆದರುವವರು ಬಹಳ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಆಯುಸ್ಸು ಕಡಿಮೆ ಮಾಡುವುದಿಲ್ಲ, ನೋವಿಗೆ ಕೊಟ್ಟ ಮಗು ಚಟಕ್ಕೆ ಬೀಳುತ್ತದೆ ಅನ್ನುವ ಭಯವೂ ಬೇಡ. ಮಲಬದ್ಧತೆ ಮಾತ್ರ ಖಂಡಿತ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ.

ಸ್ಟಿರಾಯ್ಡ್ ವಾರಗಳಲ್ಲಿ ಮಗು ಸಿಡಿಮಿಡಿ ಮಾಡುತ್ತದೆ, ಹೊಡೆಯುತ್ತದೆ, ನಡುರಾತ್ರಿ ಊಟ ಕೇಳುತ್ತದೆ. ಅದು ಔಷಧಿಯ ಆಟ. ಹಾಗಂತ ಮನೆಯ ಎಲ್ಲ ನಿಯಮ ಸಡಿಲಿಸಬೇಡಿ. ಯಾವುದಕ್ಕೂ ಬೈಯದ ಮನೆ ಮಗುವಿಗೆ ಭಯ ಹುಟ್ಟಿಸುತ್ತದೆ, ಏನೋ ದೊಡ್ಡದು ಆಗಿದೆ ಅಂತ ಅದಕ್ಕೆ ತಕ್ಷಣ ಗೊತ್ತಾಗುತ್ತದೆ.

ಹಂತ 8: ಗಂಡ ಹೆಂಡತಿ, ನೆಂಟರು

ಒಬ್ಬರು ಇಡೀ ದಿನ ಓದುತ್ತಾ ಹೋರಾಡುತ್ತಾರೆ, ಇನ್ನೊಬ್ಬರು ಮಾತೇ ಆಡದೆ ಕೆಲಸಕ್ಕೆ ಹೋಗುತ್ತಾರೆ. ಒಬ್ಬರಿಗೆ ಇನ್ನೊಬ್ಬರು ಕಲ್ಲುಮನಸ್ಸಿನವರಂತೆ ಕಾಣುತ್ತಾರೆ. ಈ ವ್ಯತ್ಯಾಸ ತೀರಾ ಸಾಮಾನ್ಯ. ಮಗುವಿನ ಕ್ಯಾನ್ಸರ್‌ನಿಂದ ಸಂಸಾರ ಮುರಿದೇ ಬೀಳುತ್ತದೆ ಅನ್ನುವ ಮಾತು ಮಾತ್ರ ನಿಜವಲ್ಲ. ನಾರ್ವೆಯ ಜನಸಂಖ್ಯಾ ದಾಖಲೆಗಳನ್ನು ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಅಪ್ಪ ಅಮ್ಮಂದಿರಲ್ಲಿ ವಿಚ್ಛೇದನ ಒಟ್ಟಾರೆ ಹೆಚ್ಚಿರಲಿಲ್ಲ. ದಿನಕ್ಕೊಮ್ಮೆ ಹತ್ತು ನಿಮಿಷ ಕೂತು ಮಾತಾಡಿ. ನಾಳೆ ಯಾರು ಆಸ್ಪತ್ರೆಯಲ್ಲಿ, ಯಾರು ಮನೆಯಲ್ಲಿ, ಯಾವ ಫೋನ್ ಯಾರು ಮಾಡಬೇಕು, ಇಷ್ಟು ಸಾಕು. ಒಬ್ಬರೇ ಸದಾ ಆಸ್ಪತ್ರೆಯಲ್ಲಿರುವ ಏರ್ಪಾಡು ಮಾಡಿಕೊಳ್ಳಬೇಡಿ. ಕೆಲವು ವಾರಗಳಲ್ಲಿ ಇನ್ನೊಬ್ಬರು ಹೊರಗಿನವರಾಗಿಬಿಡುತ್ತಾರೆ.

"ಏನಾದರೂ ಬೇಕಾದರೆ ಹೇಳಿ" ಅನ್ನುವವರಿಗೆ ಕೆಲಸ ಹೇಳಿ. ದೊಡ್ಡ ಮಗುವನ್ನು ಶಾಲೆಯಿಂದ ಕರೆತರುವುದು, ಬಟ್ಟೆ ಒಗೆಯುವುದು, ಬಿಲ್ ಮತ್ತು ವಿಮೆಯ ಕಾಗದ ನೋಡಿಕೊಳ್ಳುವುದು. ಕೊನೆಯದಕ್ಕೆ ಲೆಕ್ಕದಲ್ಲಿ ಗಟ್ಟಿ ಇರುವ ಒಬ್ಬರು ಸಿಕ್ಕಿದರೆ ನಿಮ್ಮ ಪುಣ್ಯ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ವಾರವೇ ಭೇಟಿ ಮಾಡಿ, ಹಣ ಮುಗಿದ ಮೇಲೆ ಅಲ್ಲ.

ಬೇರು, ಪುಡಿ, ಕಷಾಯ ತಂದುಕೊಡುವವರ ಪ್ರೀತಿಗೆ ಮರ್ಯಾದೆ ಕೊಡಿ, ಆದರೆ ಡಾಕ್ಟರ್‌ಗೆ ತೋರಿಸದೆ ಮಗುವಿಗೆ ಕೊಡಬೇಡಿ. ಕೆಲವು ಗಿಡಮೂಲಿಕೆಗಳು ಯಕೃತ್ತಿನಲ್ಲಿ ಕಿಮೊ ಔಷಧಿ ಕರಗುವ ವೇಗವನ್ನೇ ಬದಲಿಸುತ್ತವೆ. ಔಷಧಿಯ ಪ್ರಮಾಣ ವಿಷವಾಗುವಷ್ಟು ಏರಬಹುದು, ಇಲ್ಲವೇ ಕೆಲಸಕ್ಕೆ ಬಾರದಷ್ಟು ಇಳಿಯಬಹುದು. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ.

ಹಂತ 9: ಉಪಶಮನ ಆರೈಕೆಯವರನ್ನು ಬೇಗ ಕರೆಯಿರಿ

ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಅಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಮಕ್ಕಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಈ ಆರೈಕೆ ಕಾಯಿಲೆ ಪತ್ತೆಯಾದಾಗಲೇ ಶುರುವಾಗಬೇಕು, ಗುಣಪಡಿಸುವ ಚಿಕಿತ್ಸೆ ನಡೆಯುತ್ತಿರಲಿ ಬಿಡಲಿ ಮುಂದುವರಿಯಬೇಕು ಅಂತ. ಅವರ ಕೆಲಸ ನೋವು, ವಾಂತಿ, ನಿದ್ದೆ, ಆತಂಕ ನೋಡುವುದು, ಮನೆಯವರ ಮಾತು ಕೇಳುವುದು. ಕಸಿಗೆ ಹೋಗುವ ಮಗುವಿಗೂ ಅವರು ಬೇಕು. ನನ್ನ ಅಭಿಪ್ರಾಯದಲ್ಲಿ ಮರುಕಳಿಸಿದ ಮೊದಲ ತಿಂಗಳೇ ಅವರ ಪರಿಚಯ ಆಗಬೇಕು. ಮುಂದೆ ಕಷ್ಟದ ದಿನ ಬಂದರೂ ಆಗ ಹೊಸ ಮುಖಗಳ ಮುಂದೆ ಮೊದಲಿನಿಂದ ಕಥೆ ಹೇಳಬೇಕಾಗುವುದಿಲ್ಲ.

ಹಂತ 10: ಗುರಿ ಬದಲಾದಾಗ

ಪ್ರತಿ ಸ್ಕ್ಯಾನ್‌ಗೆ ಮುಂಚೆಯೇ ತೀರ್ಮಾನಿಸಿಕೊಳ್ಳಿ: ಫಲಿತಾಂಶ ಯಾರು ಕೇಳುತ್ತಾರೆ, ಯಾವ ದಿನ, ಮಗು ಆಗ ಎಲ್ಲಿರುತ್ತದೆ. ಒಳ್ಳೆಯದಾದರೆ ಮುಂದುವರಿಯುತ್ತೀರಿ. ಆಗದಿದ್ದರೆ ಮತ್ತೆ ಅದೇ ಪ್ರಶ್ನೆ, ಈಗ ನಮ್ಮ ಗುರಿ ಏನು?

ಒಂದು ಹಂತದಲ್ಲಿ ಇನ್ನೊಂದು ಸುತ್ತು ಕಿಮೊದಿಂದ ಸಿಗುವ ದಿನಗಳಿಗಿಂತ ಅದರಲ್ಲಿ ಕಳೆದುಹೋಗುವ ದಿನಗಳೇ ಹೆಚ್ಚಾಗಬಹುದು. ಡಾಕ್ಟರ್‌ಗೆ "ಇದು ನಿಮ್ಮ ಮಗುವಾಗಿದ್ದರೆ ಏನು ಮಾಡುತ್ತಿದ್ದಿರಿ" ಅಂತ ಕೇಳುವುದಕ್ಕಿಂತ, "ಈ ಚಿಕಿತ್ಸೆ ತೆಗೆದುಕೊಂಡರೆ ಮುಂದಿನ ತಿಂಗಳು ಮಗು ಹೇಗಿರುತ್ತದೆ, ತೆಗೆದುಕೊಳ್ಳದಿದ್ದರೆ ಹೇಗಿರುತ್ತದೆ" ಅಂತ ಕೇಳಿ. ಉತ್ತರ ಸ್ಪಷ್ಟವಾಗಿ ಸಿಗುತ್ತದೆ. ಗುಣಪಡಿಸುವ ಚಿಕಿತ್ಸೆ ನಿಲ್ಲಿಸಿದರೂ ಆರೈಕೆ ನಿಲ್ಲುವುದಿಲ್ಲ. ಉಸಿರಾಟಕ್ಕೆ, ನೋವಿಗೆ, ಸೆಳವಿಗೆ (ಫಿಟ್ಸ್‌ಗೆ) ಬೇಕಾದ ಔಷಧಿಗಳನ್ನು ಮೊದಲೇ ಮನೆಗೆ ತರಿಸಿಟ್ಟುಕೊಳ್ಳಬಹುದು. ರಾತ್ರಿ ಯಾರಿಗೆ ಫೋನ್ ಮಾಡಬೇಕು, ಆಂಬುಲೆನ್ಸ್ ಕರೆಯಬೇಕೋ ಬೇಡವೋ, ವೆಂಟಿಲೇಟರ್ ಬೇಕೋ ಬೇಡವೋ ಅನ್ನುವುದನ್ನು ಹಗಲಿನಲ್ಲಿ, ಶಾಂತವಾಗಿರುವಾಗ ಬರೆಸಿಡಿ. ಮನೆಯಲ್ಲಿರಬೇಕು ಅಂತ ತೀರ್ಮಾನಿಸಿದವರು ಆಮೇಲೆ ಆಸ್ಪತ್ರೆಗೆ ಹೋಗಲು ಮನಸ್ಸು ಬದಲಿಸಬಹುದು, ಅದರಲ್ಲಿ ತಪ್ಪೇನಿಲ್ಲ.

ಈ ಹೊತ್ತಿಗೆ ಮಗುವಿನ ಜೊತೆ ಸಾವಿನ ಮಾತು ಆಡಬೇಕೇ? ಕ್ಯಾನ್ಸರ್‌ನಿಂದ ಮಕ್ಕಳನ್ನು ಕಳೆದುಕೊಂಡ ಸ್ವೀಡನ್ನಿನ ಅಪ್ಪ ಅಮ್ಮಂದಿರನ್ನು ಕೇಳಿ ಉಲ್ರಿಕಾ ಕ್ರೈಸ್‌ಬರ್ಗ್ಸ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮಗುವಿನ ಜೊತೆ ಸಾವಿನ ಬಗ್ಗೆ ಮಾತಾಡಿದ್ದ 147 ಮಂದಿಯಲ್ಲಿ ಒಬ್ಬರೂ ಅದಕ್ಕಾಗಿ ಪಶ್ಚಾತ್ತಾಪ ಪಟ್ಟಿರಲಿಲ್ಲ. ಮಾತಾಡದೆ ಉಳಿದ 258 ಮಂದಿಯಲ್ಲಿ 69 ಮಂದಿಗೆ ಮಾತಾಡಬೇಕಿತ್ತು ಅನ್ನಿಸಿತ್ತು. ಮಗುವಿಗೆ ತಿಳಿದಿದೆ ಅಂತ ಅನ್ನಿಸಿದ್ದವರಲ್ಲಿ ಈ ಕೊರಗು ಹೆಚ್ಚು. ಬಾಯಿಮಾತೇ ಆಗಬೇಕಿಲ್ಲ. ಚಿತ್ರ ಬರೆಯುತ್ತಾ, ಗೊಂಬೆಗಳ ಆಟದಲ್ಲಿ, ಕಥೆಯಲ್ಲಿ ಮಕ್ಕಳು ತಾವೇ ಆ ಮಾತಿಗೆ ಬರುತ್ತಾರೆ. ಬಂದಾಗ ಜೊತೆಗೆ ಹೋಗಿ. ಒಡಹುಟ್ಟಿದವರನ್ನೂ ಆಚೆ ಕಳಿಸಬೇಡಿ. ಹತ್ತಿರ ಇರಬೇಕೋ ಬೇಡವೋ ಅಂತ ಅವರನ್ನೇ ಕೇಳಿ.

ಹಂತ 11: ಚಿಕಿತ್ಸೆ ಫಲಿಸಿದರೆ

ಎರಡನೇ ಸಲವೂ ಗುಣವಾಗಿ ದೊಡ್ಡವರಾದ ಮಕ್ಕಳು ಬಹಳ ಇದ್ದಾರೆ. ಅವರ ಮೈ ಮೇಲೆ ಎರಡು ಚಿಕಿತ್ಸೆಗಳ ಹೊರೆ ಇರುತ್ತದೆ. ಆಸ್ಪತ್ರೆಯಿಂದ ಚಿಕಿತ್ಸೆಯ ಸಾರಾಂಶ ಬರೆಸಿಕೊಳ್ಳಿ, ಹೃದಯದ ಎಕೋ, ಕಿವಿ, ಥೈರಾಯ್ಡ್, ಬೆಳವಣಿಗೆ, ಹಲ್ಲು ಎಷ್ಟೆಷ್ಟು ದಿನಕ್ಕೆ ನೋಡಿಸಬೇಕು ಅಂತ ಪಟ್ಟಿ ಕೇಳಿ. ಕಸಿ ಆಗಿದ್ದರೆ ಲಸಿಕೆಗಳನ್ನು ಮೊದಲಿನಿಂದ ಹಾಕಿಸಬೇಕಾಗುತ್ತದೆ. ಮೆದುಳಿಗೆ ರೇಡಿಯೇಷನ್ ಆಗಿದ್ದರೆ ಓದಿನಲ್ಲಿ ನಿಧಾನವಾಗುವುದು ಒಂದೆರಡು ವರ್ಷದ ಮೇಲೆ ಕಾಣಿಸಬಹುದು. ಸೋಮಾರಿತನ ಅಂತ ಬೈಯುವ ಮೊದಲು ಪರೀಕ್ಷೆ ಮಾಡಿಸಿ.

ತಪಾಸಣೆಯ ವಾರ ಹತ್ತಿರ ಬಂದಾಗ ಮನೆಯಲ್ಲಿ ಎಲ್ಲರ ನಿದ್ದೆ ಕೆಡುತ್ತದೆ. ಒಂದು ಸಲ ಮರಳಿದ್ದನ್ನು ಕಂಡವರಿಗೆ ಈ ಭಯ ವರ್ಷಗಟ್ಟಲೆ ಇರಬಹುದು. ಕೆಲಸ, ಊಟ, ನಿದ್ದೆಗೆ ಅಡ್ಡಿಯಾಗುವಷ್ಟಾದರೆ ಅಪ್ಪ ಅಮ್ಮನೂ ಆಪ್ತ ಸಲಹೆಗಾರರನ್ನೋ ಮನೋವೈದ್ಯರನ್ನೋ ಕಾಣಬೇಕು. ಮುಂದಿನ ತಪಾಸಣೆಯ ದಿನಾಂಕ ಬರೆದುಕೊಳ್ಳುವಾಗಲೇ ಆ ಭೇಟಿಯ ದಿನವನ್ನೂ ಪಕ್ಕದಲ್ಲೇ ಗೊತ್ತು ಮಾಡಿಕೊಳ್ಳಿ.